ಬಾಗಿಲಿಗೆ ತೂಗಿದ ಚಕ್ರ

ನಮ್ಮ ಊರಿನಲ್ಲಿ ಯಾವುದಾದರೂ ಕಾರು ಒಂದು ಓಣಿಯನ್ನು ಮರೆತರೆ, ಆ ಓಣಿಯ ಮನೆಗಳಿಗೆ ಹೋಗಿ ಸುದ್ದಿ ಹೇಳುವ ಕೆಲಸ ನನ್ನದು. ಕೈಯಲ್ಲಿ ಒಂದು ಉಂಡೆ ಬೆಲ್ಲ ಇರಬೇಕು. ಹೊಸ್ತಿಲ ಹೊರಗೆ ನಿಂತು, "ಗಾಡಿ ಮರತೈತಿ, ಮಂದಿ ಮರತಿಲ್ಲ" ಎನ್ನಬೇಕು. ಮನೆಯವರು ಬೆಲ್ಲವನ್ನು ಎರಡು ಹೋಳು ಮಾಡಿ ಒಂದನ್ನು ನನ್ನ ಕೈಗೆ ಮರಳಿ ಇಟ್ಟರೆ ಬೇಸರವಿಲ್ಲ ಎಂದು ಅರ್ಥ. ಆ ಹೋಳನ್ನು ನಾನು ಕಾರಿನವರ ಮನೆಗೆ ಮುಟ್ಟಿಸುತ್ತೇನೆ. ಕೆಲವರು ಒಡೆಯುವುದಿಲ್ಲ, ಇಡೀ ಉಂಡೆಯನ್ನು ಕಿಟಕಿಯಲ್ಲಿ ಇಟ್ಟು ಒಳಗೆ ಹೋಗಿಬಿಡುತ್ತಾರೆ. ಅಂಥ ಮನೆಗಳ ಮುಂದೆ ಹಾಯುವಾಗ ನಾನು ತಲೆ ತಗ್ಗಿಸಿ ನಡೆಯುತ್ತೇನೆ.

ನಮ್ಮವು ಹಳೆಯ ಕಾರುಗಳು. ಎಲ್ಲವೂ ಒಂದೇ ಕಂಪನಿಯವು, ಊರಿನ ರಸ್ತೆಗಳನ್ನು ಹಾಕಿದ ವರ್ಷವೇ ಬಂದವು. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಹೊಸ ಗಾಡಿಗಳು ಊರ ಮುಂದಿನ ಕಮಾನಿನ ತನಕ ಬಂದು ನಿಂತುಬಿಡುತ್ತವೆ. ಅವಕ್ಕೆ ನಮ್ಮ ಓಣಿಗಳು ಗೊತ್ತಿಲ್ಲ. ಹಳೆಯ ಕಾರಿಗೆ ಐವತ್ತಾರು ಓಣಿಗಳೂ ಗೊತ್ತು. ಆದರೆ ಅದಕ್ಕೆ ಒಂದು ನಕಲಿ ಪಾರ್ಟು ಹಾಕಿದಿರೋ, ಒಂದು ಓಣಿ ಹೋಯಿತು. ಆ ಓಣಿಯ ಬಾಯಿಗೆ ಬಂದು ಎಂಜಿನ್ ಆರಿಹೋಗುತ್ತದೆ, ಎಷ್ಟು ಹ್ಯಾಂಡಲ್ ಹೊಡೆದರೂ ಹತ್ತುವುದಿಲ್ಲ. ಹಿಂದಕ್ಕೆ ತಳ್ಳಿ ತಿರುಗಿಸಿದರೆ ಏನೂ ಆಗದವರ ಹಾಗೆ ಹೊರಡುತ್ತದೆ. ಮತ್ತೆ ಅಸಲು ಪಾರ್ಟು ಸಿಕ್ಕಿ ಹಾಕಿದರೆ ಮರೆತದ್ದು ನೆನಪಾಗುತ್ತದೆ.

ಯಾವ ಓಣಿ ಹೋಗುತ್ತದೆಂದು ಮೊದಲೇ ತಿಳಿಯುವುದಿಲ್ಲ. ಅದಕ್ಕೇ ನಕಲಿ ಹಾಕಿಸಿದ ಮಾರನೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಕಾರು ಹತ್ತಿ ಓಣಿ ಹುಡುಕಲು ಹೊರಡುತ್ತಾರೆ. ನಿಂತಲ್ಲಿ ಇಳಿದು ಸುಣ್ಣದ ಗೆರೆ ಎಳೆದು, ಅಲ್ಲೇ ಕೂತು ಉಂಡು ಬರುತ್ತಾರೆ. ಇದೆಲ್ಲ ನಮಗೆ ಅಭ್ಯಾಸವಾಗಿದೆ. ಅಂಚೆಯ ಗಾಡಿ ಅಂಚೆ ಕಚೇರಿಯ ಓಣಿಯನ್ನೇ ಮರೆತು ಆರು ವರ್ಷ. ಚೀಲ ಹೊತ್ತವನು ಎರಡು ತಿರುವು ನಡೆದು ಬಂದು ಗಾಡಿ ಹತ್ತುತ್ತಾನೆ. ಹೆಣ್ಣು ಕೇಳಲು ಬಂದವರು ಜಾತಕಕ್ಕಿಂತ ಮೊದಲು, ನಿಮ್ಮ ಗಾಡಿ ಏನೇನು ಮರೆತಿದೆ ಎಂದು ವಿಚಾರಿಸುತ್ತಾರೆ. ನನ್ನ ಓರಗೆಯ ರಾಚಪ್ಪ ಮಾವನ ಮನೆಯ ಓಣಿ ಮರೆಯಲಿ ಎಂಬ ಆಸೆಯಿಂದ ಬೇಕೆಂದೇ ನಾಲ್ಕು ನಕಲಿ ಹಾಕಿಸಿದ. ಹೋದದ್ದು ಸಂತೆಯ ಓಣಿ, ಕ್ಷೌರದಂಗಡಿಯ ಓಣಿ, ಕೆರೆಯ ಓಣಿ, ಕೊನೆಗೆ ಅವನ ಮನೆಯದೇ ಓಣಿ. ಮಾವನ ಮನೆಗೆ ಮಾತ್ರ ಗಾಡಿ ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. ಊರು ಅದನ್ನು ಹೇಳಿ ಹೇಳಿ ನಗುತ್ತಿತ್ತು, ಅವನೂ ನಗುತ್ತಿದ್ದ.

ಸುದ್ದಿ ಹೇಳುವುದು ನನ್ನ ಅರ್ಧ ಕೆಲಸ. ಮಿಕ್ಕರ್ಧ, ಮತ್ತು ನಿಜವಾದ ಕೆಲಸ, ಕೇಳುವುದಾಗಿತ್ತು. ನಾವು ಕಂಚುಗಾರರು. ತಂಬಿಗೆಯನ್ನು ಬೆರಳಿನಿಂದ ತಟ್ಟಿ ಸೀಳು ಎಲ್ಲಿದೆ ಎಂದು ಹೇಳುತ್ತಿದ್ದ ಅಪ್ಪ, ಕಾರಿನ ಪಾರ್ಟುಗಳನ್ನೂ ಹಾಗೆಯೇ ತಟ್ಟಿ ಅಸಲು ನಕಲಿ ಹೇಳುತ್ತಿದ್ದ. ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಒಂದು ಗಿಯರ್ ಚಕ್ರ ತೂಗುಹಾಕಿದೆ, ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು. ಊರಿಗೆ ಬಂದ ಮೊದಲನೆಯ ಕಾರಿನದು, ಅಸಲು ಎಂದು ಯಾರಿಗೂ ಸಂಶಯವಿಲ್ಲದ್ದು. ಅದನ್ನು ಕೈಸುತ್ತಿಗೆಯಿಂದ ಒಮ್ಮೆ ತಟ್ಟಬೇಕು, ಆಮೇಲೆ ತಂದ ಪಾರ್ಟನ್ನು ತಟ್ಟಬೇಕು. ಪಾರ್ಟು ಚಿಕ್ಕದಾದರೆ ದನಿ ತೆಳು, ದೊಡ್ಡದಾದರೆ ದಪ್ಪ, ಅದು ಲೆಕ್ಕಕ್ಕಿಲ್ಲ. ಅಸಲಿನ ದನಿ ಹೋಗಿ ತಿರುಗಿ ಬರುತ್ತದೆ. ನಕಲಿಯದು ಹೋಗುತ್ತದೆ, ಅಷ್ಟೇ.

ನಾನು ಒಂದು ಸಲ ನಕಲಿ ಎಂದರೆ ಆ ಪಾರ್ಟು ಮಾರಿದವನಿಗೆ ವಾಪಸು ಹೋಗುವುದಿಲ್ಲ, ಇನ್ನೊಬ್ಬರಿಗೆ ಮೋಸವಾಗಬಾರದಲ್ಲ. ಮೆಕ್ಯಾನಿಕ್ ದಸ್ತಗೀರನ ಕುಲುಮೆಗೆ ಹೋಗಿ ಕರಗುತ್ತದೆ. ಅದರಿಂದ ಒಲೆಯ ಜಾಲರಿ, ಬಾಗಿಲಿಗೆ ಒತ್ತು ಕೊಡುವ ಗುಂಡು, ಇಂಥವನ್ನು ಎರಕ ಹೊಯ್ದು ಮನೆಮನೆಗೆ ಹಂಚುತ್ತಾರೆ. ಅಪ್ಪನ ಕಾಲದಲ್ಲಿ ವರ್ಷಕ್ಕೆ ಎರಡೋ ಮೂರೋ ಜಾಲರಿ ಆಗುತ್ತಿದ್ದವು. ಹೊರಗಿನ ಊರುಗಳಲ್ಲಿ ಹಳೆಯ ಕಾರುಗಳು ಸತ್ತು ಬಿದ್ದಿರುತ್ತಿದ್ದವು, ಗೋಣಿಚೀಲ ಹೊತ್ತು ಪಾರ್ಟು ಮಾರುವವರು ಅವನ್ನು ಬಿಚ್ಚಿ ತರುತ್ತಿದ್ದರು, ತಂದದ್ದರಲ್ಲಿ ಮುಕ್ಕಾಲು ಪಾಲು ಅಸಲೇ. ಬರಬರುತ್ತ ಬಿಚ್ಚಲು ಕಾರುಗಳೇ ಉಳಿಯಲಿಲ್ಲ. ನಕಲಿ ಮಾಡುವವರು ಚುರುಕಾದರು. ಹೊಸ ಪಾರ್ಟನ್ನು ಹುಣಸೆನೀರಿನಲ್ಲಿ ನೆನೆಸಿ, ಸವುಳು ಮಣ್ಣಿನಲ್ಲಿ ಹೂತು, ಹಳೆಯ ಮುದ್ರೆಯನ್ನೂ ಒತ್ತಿ ತರತೊಡಗಿದರು. ಕಣ್ಣಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಊರಿನಲ್ಲಿ ನಲವತ್ತು ಕಾರುಗಳಿದ್ದವು, ಹದಿನೇಳಕ್ಕೆ ಬಂದವು. ಎಲ್ಲರೂ ನನ್ನ ಕಿವಿಯನ್ನೇ ನಂಬಿದ್ದರು.

ಆ ಕಿವಿ ಹೋಗುತ್ತಿತ್ತು. ಮೊದಲು ಹೋದದ್ದು ಹಾಲು ಉಕ್ಕುವ ಸದ್ದು. ಎರಡು ಮೂರು ಸಲ ಒಲೆಯೆಲ್ಲ ಹಾಲಾದಾಗ ಮರೆವು ಎಂದುಕೊಂಡೆ. ಆಮೇಲೆ ಗುಬ್ಬಿಗಳ ಸದ್ದು ಹೋಯಿತು. ಒಂದು ಬೆಳಿಗ್ಗೆ ಬಾಗಿಲ ಚಕ್ರವನ್ನು ತಟ್ಟಿದೆ. ಚಕ್ರ ಅಲುಗಾಡಿತು, ದನಿ ಬರಲಿಲ್ಲ. ಸೀಳಿದೆಯೇನೋ ಎಂದು ಗಾಬರಿಯಾಗಿ ಅದರ ಹಲ್ಲುಗಳನ್ನೆಲ್ಲ ಒಂದೊಂದಾಗಿ ಸವರಿ ನೋಡಿದೆ. ಚಕ್ರ ನೆಟ್ಟಗಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಎದುರಿಗೆ ಹಾಯ್ದು ಹೋದವರು ಏನೋ ಕೇಳಿದರು, ನಾನು ನಕ್ಕು ಕೈ ಎತ್ತಿದೆ. ಅವತ್ತಿನಿಂದ ಎರಡು ವರ್ಷ ನಾನು ಮಾಡಿದ್ದು ಅದೇ, ನಕ್ಕು ಕೈ ಎತ್ತುವುದು.

ಹತ್ತಿರ ಕೂತು ಮಾತಾಡಿದರೆ ಕೇಳಿಸುತ್ತಿತ್ತು, ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಆದರೆ ಲೋಹಕ್ಕೆ ತುಟಿ ಎಲ್ಲಿದೆ? ಯಾರಿಗೂ ಹೇಳಲಿಲ್ಲ. ಹೇಳಿದರೆ ನಾನು ಯಾರು ಎನ್ನುವುದೇ ಉಳಿಯುವುದಿಲ್ಲ ಅನ್ನಿಸಿತು, ಹೆದರಿದೆ. ಪಾರ್ಟು ತಂದಾಗ ಹಿಂದಿನಂತೆ ಚಕ್ರವನ್ನು ತಟ್ಟುತ್ತಿದ್ದೆ, ಪಾರ್ಟನ್ನು ತಟ್ಟುತ್ತಿದ್ದೆ, ಸ್ವಲ್ಪ ಹೊತ್ತು ಸುಮ್ಮನಿದ್ದು ನಕಲಿ ಎನ್ನುತ್ತಿದ್ದೆ. ಅಸಲನ್ನು ನಕಲಿ ಎಂದರೆ ಯಾವ ಕಾರೂ ಯಾವ ಓಣಿಯನ್ನೂ ಮರೆಯುವುದಿಲ್ಲ, ನನ್ನ ಮಾತು ಸುಳ್ಳೆಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ವರ್ಷ ನನ್ನ ಕಟ್ಟೆಗೆ ಬಂದದ್ದೆಲ್ಲ ನಕಲಿಯಾಯಿತು. ಮುರಿಗೆಪ್ಪನ ಕೈಯಲ್ಲಿ ಒಂದೂ ಪಾಸಾಗುವುದಿಲ್ಲ, ಮನುಷ್ಯ ಅಷ್ಟು ಕಟ್ಟುನಿಟ್ಟು ಎಂದು ಜನ ಹೊಗಳಿದರು. ಚಹಾದಂಗಡಿಯಲ್ಲಿ ಕೂತು, ಈಗ ಅಸಲು ಅನ್ನುವುದೇ ಸಿಗುವುದಿಲ್ಲ, ಕಾಲ ಕೆಟ್ಟಿತು ಎಂದು ಮಾತಾಡುವಾಗ ನಾನೂ ಗೋಣು ಹಾಕುತ್ತಿದ್ದೆ. ರಾಚಪ್ಪನ ಕಾರಿನ ಹಿಂದಿನ ಆಕ್ಸಲ್ ಮುರಿದಾಗ ಅವನು ಆರು ತಿಂಗಳು ಅಲೆದು ಒಂದನ್ನು ತಂದ. ಅದನ್ನೂ ನಕಲಿ ಎಂದೆ. ಅಷ್ಟು ಹೊತ್ತಿಗೆ ಅವನಿಗೆ ನಕಲಿಯ ಆಟ ಸಾಕಾಗಿತ್ತು, ಇನ್ನೊಂದು ಓಣಿ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಕಾರು ಹಿತ್ತಿಲು ಸೇರಿತು, ಅದರಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು.

ನನಗೆ ಒಬ್ಬಳೇ ಅಕ್ಕ, ನೀಲಗಂಗವ್ವ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ತಾನೇ ಕಾರು ಓಡಿಸುವುದನ್ನು ಕಲಿತವಳು. ಅವಳ ಮನೆ ಊರಿನ ತಗ್ಗಿನಲ್ಲಿ, ನನ್ನದು ದಿನ್ನೆಯ ಮೇಲೆ. ಮೊಣಕಾಲು ಕೆಟ್ಟಿದ್ದರಿಂದ ಅವಳಿಗೆ ಏರು ನಡೆಯುವುದು ಆಗುವುದಿಲ್ಲ. ಪ್ರತಿ ಸೋಮವಾರ ಮಧ್ಯಾಹ್ನ ಕಾರಿನಲ್ಲಿ ರೊಟ್ಟಿಗಂಟು ಇಟ್ಟುಕೊಂಡು ಬರುತ್ತಿದ್ದಳು. ನಾನು ಹೆಸರುಕಾಳು ಪಲ್ಯ ಮಾಡಿಟ್ಟಿರುತ್ತಿದ್ದೆ. ಮದುವೆಯಾಗದ ನನಗೆ, ಒಬ್ಬಂಟಿಯಾದ ಅವಳಿಗೆ, ವಾರದಲ್ಲಿ ಅದೊಂದು ಊಟ ಮನೆಯ ಊಟ. ಉಣ್ಣುವಾಗ ಜಗಳವಾಡುತ್ತಿದ್ದೆವು, ಅಪ್ಪ ಯಾರನ್ನು ಹೆಚ್ಚು ಬೈದಿದ್ದ ಎಂಬುದರ ಮೇಲೆ. ಆ ಸೋಮವಾರಗಳಿಲ್ಲದ ಬದುಕನ್ನು ನಾನು ಯೋಚಿಸಿಯೂ ಇರಲಿಲ್ಲ.

ಈ ವರ್ಷ ಬೇಸಿಗೆಗೆ ಮುಂಚೆ ಅಕ್ಕನ ಕಾರಿನ ಎಂಜಿನ್ನಿನಲ್ಲಿ ಗಿಯರ್ ಚಕ್ರದ ಹಲ್ಲುಗಳು ಮುರಿದವು. ನನ್ನ ಬಾಗಿಲಲ್ಲಿ ತೂಗುತ್ತಿದೆಯಲ್ಲ, ಅಂಥದೇ ಚಕ್ರ. ಐದು ಸೋಮವಾರ ಅವಳು ಬರಲಿಲ್ಲ. ನಾನೇ ಇಳಿದು ಹೋಗುತ್ತಿದ್ದೆ, ಆದರೆ ತನ್ನ ಮನೆಯಲ್ಲಿ ಕೂತು ಉಣ್ಣುವುದು ಅವಳಿಗೆ ಸೇರುತ್ತಿರಲಿಲ್ಲ. ಹುಟ್ಟಿದ ಮನೆಗೆ ಹೋಗದ ಸೋಮವಾರ ಸೋಮವಾರವೇ ಅಲ್ಲ ಎಂದು ಸಿಡಿಮಿಡಿ ಮಾಡುತ್ತಿದ್ದಳು. ಆರನೆಯ ವಾರ ಗೋಣಿಚೀಲದ ತಿಪ್ಪಣ್ಣ ಒಂದು ಚಕ್ರ ತಂದ. ಯಾವುದೋ ದೂರದ ಗುಜರಿಯಲ್ಲಿ ಸಿಕ್ಕಿತಂತೆ. ಅವನು ಮೋಸಗಾರನಲ್ಲ. "ನಂಗೂ ಗೊತ್ತಿಲ್ರಿ ಕಾಕಾ, ನೀವ ಹೇಳಬೇಕು" ಎಂದು ಚಕ್ರವನ್ನು ನನ್ನ ತೊಡೆಯ ಮೇಲೆ ಇಟ್ಟ.

ಕಟ್ಟೆಯ ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಅಕ್ಕನನ್ನು ಯಾರೋ ಕೈಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ನಾನು ಬಾಗಿಲ ಚಕ್ರವನ್ನು ತಟ್ಟಿದೆ, ತಿಪ್ಪಣ್ಣನದನ್ನು ತಟ್ಟಿದೆ. ಎರಡೂ ಮೂಕ. ನಕಲಿ ಎನ್ನಲು ಬಾಯಿ ತೆರೆದವನು ಅಕ್ಕನ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಕಲಿ ಎಂದರೆ ಸೋಮವಾರ ಮುಗಿಯಿತು. ಚಕ್ರದ ಭಾರ ಸರಿಯಿತ್ತು, ಮುದ್ರೆ ಸರಿಯಿತ್ತು, ತಿಪ್ಪಣ್ಣನ ಕಣ್ಣೂ ಸರಿಯಿತ್ತು.

"ಅಸಲು" ಎಂದೆ.

ಎರಡು ವರ್ಷದ ಮೇಲೆ ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಜನರಿಗೆ ಹಬ್ಬವಾದಂತಾಯಿತು. ದಸ್ತಗೀರ ಚಕ್ರಕ್ಕೆ ಹಣೆ ಮುಟ್ಟಿಸಿಕೊಂಡು ಎತ್ತಿಕೊಂಡ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಎರಡೆರಡು ಸಲ ಕೇಳುವ ಅಕ್ಕ ಮಾತ್ರ ಏನೂ ಕೇಳಲಿಲ್ಲ. ಸರಿ ಎಂದು ಸೆರಗು ಹೊದ್ದುಕೊಂಡು ಹೊರಟಳು. ಅದನ್ನು ಕಂಡು ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು, ತಮ್ಮನ ಮಾತಿಗೆ ಅಷ್ಟು ಬೆಲೆ ಕೊಡುತ್ತಾಳಲ್ಲ ಎಂದು.

ಅಸಲು ಹಾಕಿದ ಮೇಲೆ ಓಣಿ ಹುಡುಕುವ ಪದ್ಧತಿಯಿಲ್ಲ. ವಾರವಿಡೀ ಕಾರು ತಗ್ಗಿನ ಓಣಿಗಳಲ್ಲಿ ಚೆನ್ನಾಗಿ ಓಡಿತು ಎಂದು ಸುದ್ದಿ ಬಂತು. ಸೋಮವಾರ ನಾನು ಪಲ್ಯದ ಜೊತೆಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯನ್ನೂ ಕುಟ್ಟಿಟ್ಟು ತಟ್ಟೆ ತೊಳೆದು ಕೂತೆ. ಊಟದ ಹೊತ್ತು ಮೀರಿತು. ಹಸಿವಾಗಿ, ಸಿಟ್ಟು ಬಂದು, ಆಮೇಲೆ ಹೆದರಿಕೆಯಾಗಿ ಬಾಗಿಲಿಗೆ ಬಂದು ನಿಂತೆ. ಓಣಿಯ ಕೆಳಗಿನಿಂದ ಅಕ್ಕ ನಡೆದು ಬರುತ್ತಿದ್ದಳು. ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಬೆನ್ನ ಹಿಂದೆ, ಓಣಿಯ ಬಾಯಲ್ಲಿ, ಹಿಟ್ಟಿನ ಗಿರಣಿಯ ಮೂಲೆಗೆ ಅವಳ ಕಾರಿನ ಮೂತಿ ಕಾಣುತ್ತಿತ್ತು. ಒಂದು ಕೈಯಲ್ಲಿ ರೊಟ್ಟಿಗಂಟು, ಇನ್ನೊಂದರಲ್ಲಿ ಒಂದು ಉಂಡೆ ಬೆಲ್ಲ.

ಬೆಲ್ಲ ಕಂಡಾಗಲೇ ಗೊತ್ತಾಯಿತು. ಅವಳು ನನ್ನ ಹೊಸ್ತಿಲ ಹೊರಗೆ ನಿಂತು ತುಟಿ ಆಡಿಸಿದಳು. ಮೂವತ್ತೆಂಟು ವರ್ಷ ನಾನು ಎಲ್ಲರ ಬಾಗಿಲಲ್ಲಿ ನಿಂತು ಹೇಳಿದ ಮಾತು ಅದು, ಅದಕ್ಕೆ ಕಿವಿ ಬೇಕಾಗಿರಲಿಲ್ಲ. ಬೆಲ್ಲ ನನ್ನ ಕೈಗೆ ಬಂತು. ಒಡೆಯಲಿಲ್ಲ ನಾನು. ಬೇಸರ ಅವಳ ಮೇಲಲ್ಲ, ನನ್ನ ಮೇಲೆ. ಒಯ್ದು ಕಿಟಕಿಯಲ್ಲಿ ಇಟ್ಟೆ, ಅವಳನ್ನು ಕೈಹಿಡಿದು ಒಳಗೆ ಕರೆತಂದೆ.

ಅಕ್ಕ ನೀರು ಕುಡಿದು, ಕಾಲು ನೀಡಿ ಕೂತು, ನನ್ನ ಬಲಗಿವಿಯ ಹತ್ತಿರ ಬಂದಳು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಸ್ವಲ್ಪ ಉಳಿದಿದೆ ಎಂಬುದು ಅವಳಿಗೆ ಹೇಗೆ ಗೊತ್ತು ಎಂದು ನಾನು ಬೆರಗಾದೆ.

"ಮುರಿಗಿ, ಅವತ್ತ ನಿನ್ನ ಕಣ್ಣು ತೆರದಿದ್ವು" ಎಂದಳು. "ನೀ ಕೇಳುವಾಗ ಕಣ್ಣು ಮುಚ್ಚತಿ. ಸಣ್ಣಾಂವ ಇದ್ದಾಗಿಂದ ನೋಡೇನಿ. ಅವತ್ತ ಕಣ್ಣು ತೆರಕೊಂಡು ನನ್ನ ಮಾರಿ ನೋಡಾಕತ್ತಿದ್ದಿ."

"ಗೊತ್ತಿದ್ದೂ ಯಾಕ ತಗೊಂಡಿ?"

"ಅಷ್ಟು ಮಂದಿ ಕೂತಿದ್ರು. ನನ್ನ ತಮ್ಮಗ ಕಿವಿ ಕೇಳೂದಿಲ್ಲ ಅಂತ ಅವರ ಮುಂದ ನಾನ ಹೇಳಬೇಕಿತ್ತೇನು? ಐವತ್ತಾರು ಓಣಿ ಅದಾವ, ಯಾವುದರ ಒಂದು ಹೋಗಲಿ ಅಂದ್ಕೊಂಡೆ. ಇದ ಹೋಗತೈತಿ ಅಂತ ನಂಗೇನು ಗೊತ್ತಿತ್ತು?"

ನನ್ನ ಮಾನಕ್ಕೆ ಅವಳು ಒಂದು ಓಣಿ ಕೊಟ್ಟಿದ್ದಳು, ನಾನು ಅದನ್ನು ನನ್ನ ಹೆಮ್ಮೆ ಎಂದುಕೊಂಡಿದ್ದೆ. ಅಕ್ಕ ರೊಟ್ಟಿಗಂಟು ಬಿಚ್ಚುತ್ತ ಇನ್ನೊಂದು ಮಾತು ಹೇಳಿದಳು. ಗುರುವಾರ ಫಿಲೋಮಿನಾಳ ಕಾರಿಗೆ ಪಾರ್ಟು ಬರುತ್ತದಂತೆ.

ಫಿಲೋಮಿನಾ ನಮ್ಮ ಆಸ್ಪತ್ರೆಯ ನರ್ಸ್. ಹದಿನೇಳು ಕಾರುಗಳಲ್ಲಿ ಐವತ್ತಾರು ಓಣಿಗಳನ್ನೂ ನೆನಪಿಟ್ಟುಕೊಂಡಿರುವುದು ಅವಳದೊಂದೇ. ಬಸುರಿಯರನ್ನು, ಜ್ವರದವರನ್ನು, ಬಿದ್ದವರನ್ನು ಮನೆ ಬಾಗಿಲಿಂದ ಎತ್ತಿ ತರುವುದು ಆ ಕಾರು. ಅದರ ಪೆಟ್ರೋಲ್ ಪಂಪು ಕೈಕೊಟ್ಟಿತ್ತು. ನಾನು ಮತ್ತೆ ನಕಲಿ ಎಂದರೆ, ಅದು ಅಸಲಾಗಿದ್ದರೂ ಕರಗಿಹೋಗುತ್ತದೆ, ಕಾರು ನಿಲ್ಲುತ್ತದೆ. ಅಸಲು ಎಂದು ಅದು ನಕಲಿಯಾಗಿದ್ದರೆ, ಯಾವುದೋ ಒಂದು ಓಣಿಯ ಬಾಯಲ್ಲಿ, ಮುನ್ಸೂಚನೆಯಿಲ್ಲದೆ, ರೋಗಿಯ ಮನೆಗೆ ಹೊರಟ ಹೊತ್ತಿನಲ್ಲೇ ನಿಲ್ಲುತ್ತದೆ. ನನಗೆ ಆಗ ಹಿಂದಿನದೆಲ್ಲ ಒಟ್ಟಿಗೆ ತಲೆಗೆ ಬಂತು. ಎರಡು ವರ್ಷ ನಕಲಿ ನಕಲಿ ಎಂದು ಕುಲುಮೆಗೆ ಕಳಿಸಿದೆನಲ್ಲ, ಅದರಲ್ಲಿ ಅಸಲು ಎಷ್ಟಿದ್ದವು? ಊರಿಗೆ ಬಂದ ಅಸಲಿನ ಬರದಲ್ಲಿ ಕಾಲದ ಪಾಲೆಷ್ಟು, ನನ್ನ ಪಾಲೆಷ್ಟು? ಮುರಿದ ರೊಟ್ಟಿಯನ್ನು ತಟ್ಟೆಗೆ ಮರಳಿ ಇಟ್ಟೆ. ಗುರುವಾರ ನಾನೇ ಹೇಳುತ್ತೇನೆ ಎಂದೆ. ಅಕ್ಕ ನನ್ನ ತಟ್ಟೆಗೆ ಇನ್ನೊಂದಿಷ್ಟು ಹಿಂಡಿ ಹಾಕಿದಳು.

ಗುರುವಾರ ಕಟ್ಟೆಯ ಮುಂದೆ ಜಾತ್ರೆಯಷ್ಟು ಜನ. ಅಕ್ಕನ ಕಾರು ನನ್ನ ಓಣಿಯನ್ನು ಮರೆತ ಸುದ್ದಿ ಹಬ್ಬಿತ್ತು, ಆದರೆ ದಸ್ತಗೀರ ಬೇರೆ ಯಾವುದೋ ಮೊಳೆ ನಕಲಿ ಹಾಕಿರಬೇಕು ಎಂದೇ ಎಲ್ಲರ ತರ್ಕ. ನನ್ನ ಮೇಲೆ ಯಾರಿಗೂ ಸಂಶಯವಿರಲಿಲ್ಲ. ದಸ್ತಗೀರ ಪಾಪ ಎರಡು ದಿನದಿಂದ ಬೈಸಿಕೊಂಡು, ಕಾರನ್ನು ಪೂರ್ತಿ ಬಿಚ್ಚಿ ಮೊಳೆ ಮೊಳೆ ನೋಡಿ ಕಣ್ಣು ಕೆಂಪು ಮಾಡಿಕೊಂಡಿದ್ದ. ಫಿಲೋಮಿನಾ ಪಂಪನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನಾನು ಸುತ್ತಿಗೆಯನ್ನು ಮುಟ್ಟದೆ ಎದ್ದು ನಿಂತು, ನನಗೆ ಎರಡು ವರ್ಷದಿಂದ ಲೋಹದ ದನಿ ಕೇಳಿಸುವುದಿಲ್ಲ, ದಸ್ತಗೀರನ ತಪ್ಪಿಲ್ಲ, ಎಲ್ಲ ನನ್ನದು ಎಂದು ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ ನನಗೆ ಗೊತ್ತಿಲ್ಲ. ಗಿರಣಿಯೊಳಗಿನವರೂ ಹೊರಗೆ ಬಂದು ನೋಡಿದ್ದನ್ನು ಕಂಡರೆ ಕೂಗಿಯೇ ಹೇಳಿರಬೇಕು.

ಜನರ ನಡುವಿನಿಂದ ರಾಚಪ್ಪ ಎದ್ದು ಬಂದ. ನಾನು ಕೇಳಲಿ ಎಂದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತ.

"ನನ್ನ ಆಕ್ಸಲ್ ಅಸಲಿತ್ತೋ, ನಕಲಿಯಿತ್ತೋ?"

"ಗೊತ್ತಿಲ್ಲ ರಾಚಪ್ಪ."

"ಅದು ಈಗ ನನ್ನ ಮನಿ ಒಲಿಯಾಗ ಜಾಲರಿ ಆಗೇತಿ. ದಿನಾ ಅದರ ಮ್ಯಾಲ ಇದ್ದಲಿ ಉರೀತೈತಿ. ಈಗ ಹೇಳು, ಅದನ್ನ ನಾ ಏನಂತ ನೋಡ್ಲಿ?"

ಅವನು ತಿರುಗಿ ನಡೆದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

ಉಳಿದವರಲ್ಲಿ ಮೊದಲು ಮಾತಾಡಿದವನು ದಸ್ತಗೀರ. ಭುಜದ ನೋವಿನಿಂದ ಐದು ತಿಂಗಳಿಂದ ತಾನು ಕುಲುಮೆ ಹಚ್ಚಿಲ್ಲವೆಂದೂ, ನಾನು ನಕಲಿ ಎಂದು ಕಳಿಸಿದ್ದೆಲ್ಲ ಅಂಗಳದಲ್ಲಿ ಗುಡ್ಡೆ ಬಿದ್ದಿದೆಯೆಂದೂ ಹೇಳಿದ. ಹೇಳುವಾಗ ಅವನಿಗೆ ನಾಚಿಕೆ, ಕೆಲಸ ಮಾಡದೆ ಉಳಿಸಿಕೊಂಡೆನಲ್ಲ ಎಂದು. ಆ ನಾಚಿಕೆ ನೋಡಿ ನನಗೆ ಅವನ ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ಗುಡ್ಡೆಯಿದ್ದರೆ ಸಾಲದು, ಕೇಳುವ ಕಿವಿ ಬೇಕು. ನಾನು ಸುತ್ತಿಗೆಯನ್ನು ಫಿಲೋಮಿನಾಳ ಕೈಗೆ ಕೊಟ್ಟೆ. ಎಷ್ಟೋ ಕೂಸುಗಳ ಎದೆಗೆ ಕಿವಿ ಇಟ್ಟು ಕಫ ಎಲ್ಲಿದೆ ಎಂದು ಹೇಳುವವಳು ಅವಳು. ಹೋಗುವ ದನಿಯನ್ನು ಬಿಟ್ಟುಬಿಡು, ಬರುವುದನ್ನು ಕಾಯಿ ಎಂದು ಅಪ್ಪ ನನಗೆ ಹೇಳಿದ್ದನ್ನೇ ಹೇಳಿದೆ. ಅವಳು ಬಾಗಿಲ ಚಕ್ರವನ್ನು ತಟ್ಟಿ ಕಣ್ಣು ಮುಚ್ಚಿದಳು. ಯಾರೂ ಕಣ್ಣು ಮುಚ್ಚು ಎಂದು ಹೇಳಿರಲಿಲ್ಲ. ಆಮೇಲೆ ತನ್ನ ಪಂಪನ್ನು ತಟ್ಟಿದಳು. ಬಹಳ ಹೊತ್ತಾದ ಮೇಲೆ, "ನಂಗ ತಿಳೀವಲ್ದು ಕಾಕಾ" ಎಂದಳು. ಆ ಮಾತನ್ನು ಆ ಕಟ್ಟೆಯ ಮೇಲೆ ಅಪ್ಪನೂ ಹೇಳಿದ್ದಿಲ್ಲ, ನಾನೂ ಹೇಳಿದ್ದಿಲ್ಲ. ಎಷ್ಟು ಸುಲಭವಿತ್ತು ಅದು.

ಅವಳು ಪಂಪನ್ನು ಪಕ್ಕಕ್ಕೆ ಇಟ್ಟಳು. ಮೂರು ವಾರ ದಿನಾ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಕೇಳುವುದನ್ನು ಕಲಿತಳು. ಆ ಮೂರು ವಾರ ರೋಗಿಗಳನ್ನು ಕೈಗಾಡಿಯಲ್ಲಿ ತಂದರು, ತಳ್ಳುವವರಲ್ಲಿ ನಾನೂ ಒಬ್ಬ. ಕೊನೆಗೊಂದು ಸಂಜೆ ಅವಳು ಪಂಪನ್ನು ಎತ್ತಿಕೊಂಡು ತಟ್ಟಿ, ಹೋಗಿ ಬಂತು ಎಂದು ನನ್ನ ಕಿವಿಯಲ್ಲಿ ಹೇಳಿದಳು. ದಸ್ತಗೀರ ಅದನ್ನು ಹಾಕಿದ. ಆದರೂ ಅವಳು ಅಸಲು ಎಂಬ ಭರವಸೆಯಲ್ಲಿ ಕೂರಲಿಲ್ಲ, ಮಾರನೆಯ ದಿನ ಬುತ್ತಿ ಕಟ್ಟಿಕೊಂಡು ಐವತ್ತಾರು ಓಣಿಗಳಲ್ಲೂ ಓಡಿಸಿ ಬಂದಳು. ಎಲ್ಲಿಯೂ ನಿಲ್ಲಲಿಲ್ಲ. ಗುಡ್ಡೆಯಲ್ಲಿದ್ದ ಅರವತ್ತೊಂದು ಪಾರ್ಟುಗಳಲ್ಲಿ ಒಂಬತ್ತು ಅಸಲು ಸಿಕ್ಕವು. ಐದು ತಿಂಗಳಿಗೆ ಒಂಬತ್ತಾದರೆ ಎರಡು ವರ್ಷಕ್ಕೆ ಎಷ್ಟು ಎಂದು ನಾನು ಎಣಿಸಲು ಹೋಗಲಿಲ್ಲ. ಯಾರ ಯಾರ ಪಾರ್ಟು ಕರಗಿತ್ತೋ ಅವರ ಮನೆಗಳಿಗೆಲ್ಲ ಬೆಲ್ಲ ತೆಗೆದುಕೊಂಡು ಹೋದೆ. ಈ ಸಲ ಹೇಳಲು ಪದ್ಧತಿಯ ಮಾತಿರಲಿಲ್ಲ, ತಪ್ಪಾಯಿತು ಎಂದಷ್ಟೇ ಹೇಳಿದೆ. ಹೆಚ್ಚಿನವರು ಒಡೆದು ಅರ್ಧ ಕೊಟ್ಟರು. ರಾಚಪ್ಪ ಒಡೆಯಲಿಲ್ಲ. ಅವನ ಕಿಟಕಿಯಲ್ಲಿ ಆ ಉಂಡೆ ಇರುವೆ ಮುತ್ತಿಕೊಂಡು ಇನ್ನೂ ಇದೆ.

ಒಂಬತ್ತರಲ್ಲಿ ಗಿಯರ್ ಚಕ್ರ ಇರಲಿಲ್ಲ. ಅಕ್ಕ ಸೋಮವಾರ ಬರುವುದನ್ನು ಬಿಡಲಿಲ್ಲ, ಗಿರಣಿಯ ಮೂಲೆಗೆ ಕಾರು ನಿಲ್ಲಿಸಿ ಕೂರುತ್ತಿದ್ದಳು, ನಾನು ಪಲ್ಯದ ಪಾತ್ರೆ ಹಿಡಿದು ಇಳಿದು ಹೋಗುತ್ತಿದ್ದೆ. ಅವಳು ಹಾರ್ನ್ ಹೊಡೆದದ್ದು ಕೇಳಿಸದೆ ಎಷ್ಟೋ ಸಲ ಕಾಯಿಸಿಬಿಡುತ್ತಿದ್ದೆ. ಒಂದು ಸೋಮವಾರ ನಾನು ಬಾಗಿಲ ಚಕ್ರವನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಅವಳ ತೊಡೆಯ ಮೇಲೆ ಇಟ್ಟೆ. ಹಾಕಿಸಿಕೋ, ಓಣಿ ನೆನಪಾಗುತ್ತದೆ, ಮನೆಗೆ ಬಾ ಎಂದೆ. ಅಕ್ಕ ಟವೆಲ್ ಸರಿಸಿ ಅದರ ಹಲ್ಲುಗಳ ಮೇಲೆ ಕೈಯಾಡಿಸಿದಳು. ಅಪ್ಪ ಅದಕ್ಕೆ ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚುತ್ತಿದ್ದ, ಎಣ್ಣೆಬಟ್ಟೆ ಹಿಡಿದುಕೊಂಡು ನಿಲ್ಲುವ ಪಾಳಿ ಅವಳದು.

"ಇದನ್ನ ನಾ ಒಯ್ದರ ಆ ಹುಡುಗಿ ಯಾವುದರ ಜೋಡಿ ಹಚ್ಚಿ ಕೇಳಬೇಕು?" ಎಂದಳು. "ನಂದು ಒಂದ ಓಣಿ ಹೋಗೇತಿ. ಅಲ್ಲೇ ಒಯ್ದು ತೂಗಹಾಕು."

ನನಗೆ ಅಳು ತಡೆಯಲಾಗಲಿಲ್ಲ. ಅರವತ್ತೇಳು ವರ್ಷದವನು ಗಿರಣಿಯ ಮೂಲೆಯಲ್ಲಿ, ಹಿಟ್ಟು ಬೀಸಿಸಲು ಬಂದವರ ಎದುರಿಗೆ, ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅತ್ತೆ. ಅಕ್ಕ ಅಳು ಮುಗಿಯುವ ತನಕ ಕಾದು, ಅಪ್ಪ ಹೆಚ್ಚು ಬೈದದ್ದು ತನಗೇ ಎಂದು ಜಗಳ ತೆಗೆದಳು.

ಚಕ್ರವನ್ನು ಮತ್ತೆ ತೂಗುಹಾಕಿದೆ. ಮುಂದಿನ ಸೋಮವಾರ ಪಲ್ಯ ಮುಚ್ಚಿಟ್ಟು ಬಾಗಿಲಲ್ಲಿ ನಿಂತಿದ್ದೆ. ಮಾಡಲು ಕೆಲಸವಿಲ್ಲದೆ ಚಕ್ರದ ಮೇಲೆ ಅಂಗೈ ಇಟ್ಟುಕೊಂಡಿದ್ದೆ. ಇದ್ದಕ್ಕಿದ್ದಂತೆ ಅದು ಕೈಯಡಿಯಲ್ಲಿ ಸಣ್ಣಗೆ ನಡುಗಿತು. ನಿಂತಿತು. ಮತ್ತೆ ನಡುಗಿತು. ಓಣಿಯಲ್ಲಿ ಗಾಳಿಯಿರಲಿಲ್ಲ, ಯಾರೂ ಹಾಯ್ದಿರಲಿಲ್ಲ. ಬಗ್ಗಿ ನೋಡಿದರೆ ಗಿರಣಿಯ ಮೂಲೆಗೆ ಕಾರಿನ ಮೂತಿ. ನಾನು ಒಳಗೆ ಹೋಗಿ ಕಿಟಕಿಯಲ್ಲಿ ಅಷ್ಟು ದಿನದಿಂದ ಇದ್ದ ಬೆಲ್ಲದ ಉಂಡೆಯನ್ನು ತೆಗೆದುಕೊಂಡು ಹೊಸ್ತಿಲ ಮೇಲೆ ಇಟ್ಟು ಒಡೆದೆ. ಗಟ್ಟಿಯಾಗಿತ್ತು, ಎರಡು ಏಟು ಬೇಕಾಯಿತು.

ಇಳಿದು ಹೋಗಿ ಅರ್ಧ ಹೋಳನ್ನು ಅವಳ ಕೈಗೆ ಇಟ್ಟಾಗ ಅಕ್ಕ ಅದನ್ನೂ ನನ್ನನ್ನೂ ನೋಡಿದಳು.

"ಇವತ್ತ ಲಗೂ ಬಂದಿ. ಹಾರ್ನ್ ಕೇಳಿಸ್ತೇನು?"

"ಇಲ್ಲ" ಎಂದೆ. "ನೀ ಬಂದದ್ದು ಗೊತ್ತಾತು."